ಗಟ್ಟಿ ರಕ್ತದ ಮಕ್ಕಳು

ತಾಶ್-ಕೆಚೂ ಊರಿನ ಹೆಂಗಸರಿಗೆ ಒಂದು ಹಟ. ಹೊರಗಿನವರು ಯಾರಾದರೂ ಬರುತ್ತಾರೆ ಎಂದರೆ ಸಾಕು, ಮೊದಲು ಮಕ್ಕಳನ್ನು ಹಿಡಿದು ಮುಖ ತೊಳೆಯುತ್ತಾರೆ, ಆಮೇಲೆ ಕೆನ್ನೆಗೆ ಬೆಣ್ಣೆ ಸವರಿ ಕೆಂಪಗಾಗುವವರೆಗೆ ತಿಕ್ಕುತ್ತಾರೆ. ಮನೆಯಲ್ಲಿ ಹಿಟ್ಟು ಮುಗಿದಿರಬಹುದು, ಒಲೆಗೆ ಕಲ್ಲಿದ್ದಲು ಇಲ್ಲದಿರಬಹುದು. ಆದರೆ ಪರರ ಮುಂದೆ ಮಗು ಸಪ್ಪೆ ಮುಖ ಹೊತ್ತು ನಿಂತರೆ ತಾಯಿಯ ಮಾನ ಹೋಯಿತು. ಬಂದವನು ನೆಂಟನೋ ಅಧಿಕಾರಿಯೋ ಎಂದು ಅವರು ನೋಡುವುದಿಲ್ಲ. ಇದು ಕೆಟ್ಟ ಗುಣವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ವರ್ಷ ಅದು ಮಾಡಿಹಾಕಿದ ಅನಾಹುತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಊರಿನ ನೆತ್ತಿಯ ಮೇಲೆ ಒಂದು ಗುಡ್ಡವಿದೆ. ಹೆಸರು ಹೊಸಗುಡ್ಡ. ಅಜ್ಜಂದಿರ ಕಾಲದಲ್ಲಿ ಅಲ್ಲಿ ಯುರೇನಿಯಂ ಅಗೆದರು. ಬೇಕಾದದ್ದನ್ನು ರೈಲಿಗೆ ತುಂಬಿ ಕಳಿಸಿದರು, ಬೇಡದ ಹುಡಿಯನ್ನು ಅಲ್ಲೇ ರಾಶಿ ಸುರಿದು, ಮೇಲಿಷ್ಟು ಮಣ್ಣೆಳೆದು, ಕೈ ಕೊಡವಿಕೊಂಡು ಹೋದರು. ಮಳೆ ಬಂದರೆ ಆ ಮಣ್ಣು ಜಾರಿ ಹೊಳೆಗೆ ಇಳಿಯುತ್ತದೆ, ಗಾಳಿ ಬಂದರೆ ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಸರ್ಕಾರದವರು ಆಗಾಗ ಬಂದು, ಗುಡ್ಡವನ್ನು ನೋಡಿ, ಚಹಾ ಕುಡಿದು, ಊರನ್ನು ಇಲ್ಲಿಂದ ಎತ್ತಬೇಕು ಎಂದು ಹೇಳಿ ಹೋಗುತ್ತಿದ್ದರು.

ಬೂರುಲ್ ಆ ಊರಿನ ಸೊಸೆ, ಊರಿಗಿದ್ದ ಒಬ್ಬಳೇ ನರ್ಸ್. ಗಂಡ ಹೊಸಗುಡ್ಡಕ್ಕೆ ಮಣ್ಣು ಹೊದೆಸುವ ಕೆಲಸಕ್ಕೆ ಹೋಗುತ್ತಿದ್ದವನು ರಕ್ತದ ಕಾಯಿಲೆಯಿಂದ ತೀರಿಕೊಂಡಿದ್ದ. ಮನೆಯಲ್ಲಿ ಉಳಿದವರು ಅತ್ತೆ ಜಮಾಲ್‌ಕಾನ್ ಮತ್ತು ಒಂಬತ್ತು ತುಂಬಿದ ಮಗಳು ಐಚುರೆಕ್. ಈ ಮಗಳಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸುಮ್ಮನೆ ಕೂತಲ್ಲಿ ಮೂಗಿನಿಂದ ರಕ್ತ. ಇಂಥ ಮಗು ಆ ಊರಿನಲ್ಲಿ ಮನೆಗೊಂದು ಇತ್ತು, ಹಾಗಾಗಿ ಯಾರಿಗೂ ಅದು ಕಾಯಿಲೆ ಅನ್ನಿಸುತ್ತಿರಲಿಲ್ಲ. ಬೂರುಲ್‌ಗೆ ಅನ್ನಿಸುತ್ತಿತ್ತು. ಅವಳಿಗಿದ್ದದ್ದು ಒಂದೇ ಆಸೆ, ಮಗಳ ಕೈ ಹಿಡಿದು ಈ ಗುಡ್ಡದ ಬುಡದಿಂದ ಎದ್ದು ಹೋಗಬೇಕು. ಹೋಗುವುದೆಲ್ಲಿಗೆ? ಆ ಊರಿನ ಮನೆಯನ್ನು ಪುಕ್ಕಟೆ ಕೊಟ್ಟರೂ ಕೊಳ್ಳುವವರಿರಲಿಲ್ಲ. ಊರಿಗೆ ಊರನ್ನೇ ಎತ್ತಿ ಕೆಳಗಿನ ಬಯಲಿಗೆ ಕರೆದೊಯ್ದರೆ ಮಾತ್ರ ಮಗಳಿಗೆ ಬಿಡುಗಡೆ.

ಆ ಶರತ್ಕಾಲದಲ್ಲಿ ರಾಜಧಾನಿಯಿಂದ ರೋಜಾ ಇಸಕೊವ್ನಾ ಎಂಬ ಡಾಕ್ಟರು ಬಂದರು. ಬಂದ ಮೊದಲ ದಿನ ಬೂರುಲ್‌ಳ ಒಂದೇ ಕೋಣೆಯ ದವಾಖಾನೆಯಲ್ಲಿ ಕೂತು ತಾವು ಮಾಡಬೇಕಾದ ಕೆಲಸ ಹೇಳಿದರು.

"ಕಬ್ಬಿಣಾನ ಗಾಳಿಗಿಟ್ರೆ ತುಕ್ಕು ಹಿಡಿಯಲ್ವೇನಮ್ಮಾ? ಮೈ ಒಳಗೂ ಹಾಗೇ ಒಂಥರಾ ತುಕ್ಕು ಹಿಡಿಯುತ್ತೆ. ಅದನ್ನ ತಡೆಯೋಕೆ ರಕ್ತದಲ್ಲಿ ಒಂದು ಕಾವಲು ಇರುತ್ತೆ, ಆ್ಯಂಟಿಆಕ್ಸಿಡೆಂಟ್ ಅಂತೀವಿ ನಾವು. ಈ ಗುಡ್ಡದ ವಿಷ ದಿನಾ ಮೈಗೆ ಸೇರ್ತಿದ್ರೆ ಆ ಕಾವಲು ದಿನಾ ಸವೀತಾ ಬರುತ್ತೆ. ಎಷ್ಟು ಉಳಿದಿದೆ ಅಂತ ಅಳೆಯೋಕೆ ಬೆರಳ ತುದಿಯಿಂದ ಒಂದು ಹನಿ ಸಾಕು."

"ಕಡಿಮೆ ಬಂದ್ರೆ?" ಎಂದು ಕೇಳಿದಳು ಬೂರುಲ್.

ರೋಜಾ ಇಸಕೊವ್ನಾ ಎದ್ದು ಬಾಗಿಲು ಮುಂದೆ ಮಾಡಿ ಬಂದರು. "ಕಡಿಮೆ ಬಂದ್ರೆ ಊರನ್ನ ಎತ್ತಿ ಅಂತ ನಾನು ಬರೀತೀನಿ. ಈ ಸಲ ಬರೆದ್ರೆ ಆಗುತ್ತೆ. ಬಯಲಲ್ಲಿ ಜಾಗ ನೋಡಿದ್ದಾರೆ, ದುಡ್ಡೂ ತೆಗೆದಿಟ್ಟಿದ್ದಾರೆ. ಮಕ್ಕಳಿಗೆ ನಿಜವಾಗ್ಲೂ ತೊಂದ್ರೆ ಇದೆಯಾ ಅನ್ನೋದೊಂದೇ ಅವರ ಪ್ರಶ್ನೆ. ಆದ್ರೆ ನೋಡು, ಇದು ನಿನ್ನ ಬಾಯಿಂದ ಆಚೆ ಬೀಳಬಾರ್ದು. ಗೊತ್ತಾದ್ರೆ ಈ ಹೆಂಗಸ್ರು ಮಕ್ಕಳನ್ನ ಉಪವಾಸ ಕೆಡವಿ, ಒಣಗಿಸಿ ಕರ್ಕೊಂಡು ಬರ್ತಾರೆ. ಆಮೇಲೆ ನನ್ನ ಅಳತೆಗೆ ಮೂರು ಕಾಸಿನ ಬೆಲೆ ಇರಲ್ಲ."

ಬೂರುಲ್ ಮಾತು ಕೊಟ್ಟಳು. ಕೊಟ್ಟ ಮಾತನ್ನು ಉಳಿಸಿಕೊಂಡಳು. ಅವಳು ಮಾಡಿದ ತಪ್ಪೆಂದರೆ ಇಷ್ಟೇ. ಆ ಡಾಕ್ಟರಮ್ಮ ಎಷ್ಟು ಓದಿದ್ದರೇನು, ಏನನ್ನು ಅನುಮಾನಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ. ತಾಶ್-ಕೆಚೂ ತಾಯಂದಿರು ಮಗುವನ್ನು ಸೊರಗಿಸಿ ಕರೆತರುವವರಲ್ಲ. ಅದು ಬೂರುಲ್‌ಗಾದರೂ ಹೊಳೆಯಬೇಕಿತ್ತು. ಅವಳಿಗೋ ತಲೆ ತುಂಬ ಬಯಲು, ಬಯಲಿನಲ್ಲಿ ಒಂದು ಮನೆ, ಮನೆಯ ಮುಂದೆ ಓಡುವ ಮಗಳು.

ಮರುದಿನ ನಲ್ಲಿಯ ಹತ್ತಿರ ನೀರಿಗೆ ಬಂದ ಹೆಂಗಸರಿಗೆಲ್ಲ ಅವಳು ಹೇಳಿದಳು. ಮುಂದಿನ ವಾರ ಶಾಲೆಯಲ್ಲಿ ಮಕ್ಕಳ ರಕ್ತ ತೆಗೆಯುತ್ತಾರೆ, ಆವತ್ತು ಬೆಳಿಗ್ಗೆ ಏನೂ ತಿನ್ನಿಸದೆ ಕರೆತನ್ನಿ.

"ಖಾಲಿ ಹೊಟ್ಟೇಲಾ?" ಎಂದಳು ಪಕ್ಕದ ಮನೆಯ ಸೋನುನ್. ಅವಳು ಊರಿಗೇ ಬಾಯಿಬಡುಕಿ. "ತುಂಬಿದ ಹೊಟ್ಟೇಲೇ ನನ್ನ ಮಗನ ಮೈಯಲ್ಲಿ ರಕ್ತ ಹುಡುಕ್ಬೇಕು. ಖಾಲಿ ಹೊಟ್ಟೇಲಿ ಚುಚ್ಚಿದ್ರೆ ಗಾಳಿ ಬರುತ್ತೆ ಅಷ್ಟೆ."

ಹೆಂಗಸರೆಲ್ಲ ನಕ್ಕರು.

"ಒಂದು ಹನಿ ಸಾಕಂತೆ ಸೋನುನ್ ಅಕ್ಕಾ."

"ಒಂದು ಹನೀಲೇ ಮಾನ ಹೋಗೋದು ತಾಯಿ. ರಾಜಧಾನಿಯೋರು. ನಮ್ಮ ಮಕ್ಕಳ ರಕ್ತ ನೋಡಿ ಇದೇನು ನೀರೋ ಅಂತ ಕೇಳಿದ್ರೆ ಮುಖ ಎಲ್ಲಿ ಇಟ್ಕೊಳ್ಳೋದು?"

ಬೂರುಲ್‌ಗೂ ನಗು ಬಂತು. ಬಿಂದಿಗೆ ಎತ್ತಿಕೊಂಡು ಹೊರಟುಬಿಟ್ಟಳು. ಆ ವಾರವೆಲ್ಲ ಅವಳಿಗೆ ಮನೆಯ ಕಡೆ ಗಮನವಿರಲಿಲ್ಲ. ಶಾಲೆಯ ಕೋಣೆ ತೊಳೆಸಬೇಕು, ಬೆಳಕು ಬೀಳದಂತೆ ಕಿಟಕಿಗೆ ಕಂಬಳಿ ಕಟ್ಟಬೇಕು, ಪೇಟೆಯಿಂದ ಮಂಜುಗಡ್ಡೆ ತರಿಸಬೇಕು. ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದಳು, ಅತ್ತೆ ಬಡಿಸಿದ್ದನ್ನು ಉಂಡು ಮಲಗುತ್ತಿದ್ದಳು.

ರಕ್ತ ತೆಗೆಯುವ ದಿನ ಮಕ್ಕಳು ಸಾಲಾಗಿ ಬಂದವು. ಬೂರುಲ್ ಬೆರಳು ಚುಚ್ಚಿ, ಹುಲ್ಲುಕಡ್ಡಿಯಷ್ಟು ಸಣ್ಣ ಗಾಜಿನ ನಳಿಗೆಗೆ ರಕ್ತ ಹಿಡಿದು ಕೊಡುತ್ತಿದ್ದಳು. ರೋಜಾ ಇಸಕೊವ್ನಾ ಅದನ್ನು ಗಿರಗಿರನೆ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಗುಲಾಬಿ ಬಣ್ಣದ ಒಂದು ದ್ರವಕ್ಕೆ ಬೆರೆಸುತ್ತಿದ್ದರು. ರಕ್ತದಲ್ಲಿ ಕಾವಲು ಗಟ್ಟಿಯಿದ್ದರೆ ಗುಲಾಬಿ ಬಣ್ಣ ಮಾಸಿ ನೀರಾಗುತ್ತದೆ, ಇಲ್ಲದಿದ್ದರೆ ಹಾಗೇ ಉಳಿಯುತ್ತದೆ. ಎಷ್ಟು ಮಾಸಿತೆಂದು ಡಬ್ಬಿಯಂಥ ಯಂತ್ರ ನೋಡಿ ಹೇಳುತ್ತದೆ.

ಮೊದಲು ಬಂದವನು ಸೋನುನ್‌ಳ ಮಗ ಮಿರ್ಲಾನ್. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ ಸೋರುವ ಹುಡುಗ. ಬಣ್ಣ ಉಳಿಯಲಿ ಎಂದು ಬೂರುಲ್ ಮನಸ್ಸಿನಲ್ಲೇ ಬೇಡಿಕೊಂಡಳು. ಬೇಡಿಕೊಂಡ ಮರುಗಳಿಗೆ ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಇನ್ನೊಬ್ಬರ ಮಗುವಿನ ರಕ್ತ ಕೆಟ್ಟಿರಲಿ ಎಂದು ದೇವರನ್ನು ಕೇಳುವ ಹೆಂಗಸು ತಾನಾದೆನಲ್ಲ ಅನ್ನಿಸಿತು. ಆದರೂ ಕಣ್ಣು ಆ ನಳಿಗೆಯ ಮೇಲಿಂದ ಕದಲಲಿಲ್ಲ.

ಬಣ್ಣ ಮಾಸಿತು. ನೋಡನೋಡುತ್ತಿದ್ದಂತೆ ತಿಳಿನೀರಾಯಿತು.

ಎರಡನೆಯ ಮಗುವಿನದೂ ಹಾಗೇ ಆಯಿತು, ಆಮೇಲಿನದೂ. ಯಂತ್ರ ಕೆಟ್ಟಿದೆಯೇನೋ ಎಂದು ಡಾಕ್ಟರು ತಮ್ಮದೇ ಬೆರಳು ಚುಚ್ಚಿ ನೋಡಿಕೊಂಡರು, ಯಂತ್ರ ಸರಿಯಾಗಿಯೇ ಇತ್ತು. ಐಚುರೆಕ್ ಬಂದು ಕೈ ಚಾಚಿದಾಗ ಬೂರುಲ್ ಎರಡು ಸಲ ಚುಚ್ಚಬೇಕಾಯಿತು. ಅವಳದೂ ತಿಳಿನೀರೇ.

ಮಧ್ಯಾಹ್ನ ರೋಜಾ ಇಸಕೊವ್ನಾ ಶಾಲೆಯ ಅಂಗಳಕ್ಕೆ ಬಂದು ಕಾಯುತ್ತಿದ್ದ ತಾಯಂದಿರಿಗೆ ಹೇಳಿದರು. "ಹೆದರ್ಕೋಬೇಡಿ. ನಿಮ್ಮ ಮಕ್ಕಳ ರಕ್ತ ರಾಜಧಾನಿ ಮಕ್ಕಳ ರಕ್ತಕ್ಕಿಂತ ಗಟ್ಟಿಯಾಗಿದೆ." ಅವರು ಒಳ್ಳೆಯವರು. ಒಳ್ಳೆಯ ಸುದ್ದಿ ಹೇಳುತ್ತಿದ್ದೇನೆ ಎಂದೇ ಹೇಳಿದರು. ಅಂಗಳದ ತುಂಬ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸೋನುನ್ ಅತ್ತೇಬಿಟ್ಟಳು.

ಬೂರುಲ್ ಮನೆಗೆ ಬಂದಾಗ ಜಮಾಲ್‌ಕಾನ್ ಚಹಾ ಬಗ್ಗಿಸುತ್ತಾ ಮುಸಿಮುಸಿ ನಗುತ್ತಿದ್ದಳು.

"ಯಾಕೆ ಅಪಾ, ಅಷ್ಟು ನಗು?" ಎಂದಳು ಬೂರುಲ್. ಅತ್ತೆಯನ್ನು ಅವಳು ಅಪಾ ಎಂದೇ ಕರೆಯುವುದು, ಹೆತ್ತ ತಾಯಿಯನ್ನು ಕರೆದ ಹಾಗೆ.

"ಗಟ್ಟಿ ಇರ್ದೆ ಇನ್ನೇನೇ ಇರುತ್ತೆ? ರಕ್ತ ತೆಗೀತಾರೆ ಅಂದ್ಮೇಲೆ ಮೊದಲು ರಕ್ತ ತುಂಬಿಸ್ಬೇಡ್ವಾ? ನೀನು ಆ ಕಡೆ ಹೋಗ್ತಿದ್ದ ಹಾಗೆ ನಾವೆಲ್ಲ ಹೊಳೆ ದಾಟಿ ಹೋಗಿ ಕಾಡುಗುಲಾಬಿ ಕಾಯಿ ತಂದ್ವಿ. ಮೂಟೆಗಟ್ಲೆ ತಂದ್ವಿ ಮಗಳೇ, ಮುಳ್ಳು ತರಚಿ ಕೈಯೆಲ್ಲ ನೋಡು. ಕುದಿಸಿ, ಜೇನು ಹಾಕಿ, ಮನೆಮನೇಲೂ ವಾರ ಪೂರ್ತಿ ಮಕ್ಕಳಿಗೆ ನೀರಿನ ಬದಲು ಅದೇ ಕುಡಿಸಿದ್ದು. ನಿಂಬೆಹಣ್ಣೂ ತರಿಸಿದ್ವಿ. ಇವತ್ತು ಬೆಳಿಗ್ಗೆ ಮಾತ್ರ ನೀನು ಹೇಳಿದ್ಹಾಗೆ ಹನಿ ನೀರೂ ಮುಟ್ಟಿಸ್ಲಿಲ್ಲ. ಕೇಳು ಬೇಕಾದ್ರೆ ನಿನ್ನ ಮಗಳನ್ನ."

ಬೂರುಲ್ ಬಟ್ಟಲು ಕೆಳಗಿಟ್ಟಳು. ಮುದುಕಿಯ ತರಚಿದ ಕೈ ನೋಡಿ, ಎದ್ದು ಶಾಲೆಯ ಕಡೆ ಹೋದಳು.

ರೋಜಾ ಇಸಕೊವ್ನಾ ಸಾಮಾನು ಕಟ್ಟುತ್ತಿದ್ದರು. ಬೂರುಲ್ ಹೇಳಿದ್ದನ್ನೆಲ್ಲ ನಿಂತೇ ಕೇಳಿ, ಪೆಟ್ಟಿಗೆಯ ಮೇಲೆ ಕೂತರು.

"ಕಾಡುಗುಲಾಬಿ," ಎಂದರು. "ಅದರಷ್ಟು ಬೇಗ ಈ ಅಳತೇನ ಮೇಲೆತ್ತೋದು ಇನ್ನೊಂದಿಲ್ಲ. ಬೇಕು ಅಂತ ಹುಡುಕಿದ್ರೂ ಸಿಗಲ್ಲ ಅಂಥದ್ದು. ಅಲ್ಲಮ್ಮಾ, ಇದನ್ನ ಕುಡಿಯೋದು ಬಿಟ್ರೆ ಮಕ್ಕಳ ಅಳತೆ ಮತ್ತೆ ಇಳಿದುಬಿಡುತ್ತೆ."

"ಹಾಗಾದ್ರೆ ಮತ್ತೆ ಅಳೀರಿ."

"ಈ ಊರಿಗೆ ಅಂತ ತಂದ ದ್ರವ ಖಾಲಿ, ಉಳಿದದ್ದು ಮೇಲಿನ ಊರುಗಳ ಪಾಲು. ತೆಗೆದ ರಕ್ತಾನೂ ಸಂಜೆ ಹೊತ್ತಿಗೆ ಸತ್ತುಹೋಗುತ್ತೆ, ಇಟ್ಕೊಂಡು ಮಾಡೋದೇನಿಲ್ಲ." ಅವರು ಪೆಟ್ಟಿಗೆಯಿಂದ ಎದ್ದರು. "ನಾನು ಇಲ್ಲಿಂದ ಮೇಲಿನ ಊರುಗಳಿಗೆ ಹೋಗಿ ವಾಪಸ್ ಇದೇ ದಾರೀಲಿ ಬರ್ತೀನಿ. ಒಂದು ಮಗುಗಾಗೋಷ್ಟು ಹೇಗಾದ್ರೂ ಉಳಿಸ್ಕೊಂಡು ಬರ್ತೀನಿ. ನಿನ್ನ ಮಗಳಿಗೆ ಅಲ್ಲೀವರೆಗೆ ಆ ಕಾಯಿ, ನಿಂಬೆ ಯಾವುದೂ ಬೇಡ. ನಿಜವಾಗಿ ಎಷ್ಟಿದೆ ನೋಡೋಣ. ಅಳತೆ ಬಿದ್ದಿದ್ರೆ, ಇಡೀ ಊರನ್ನ ಮತ್ತೆ ಅಳೀಬೇಕು ಅಂತ ಕೇಳೋಕೆ ನನಗೆ ಬಾಯಿ ಬರುತ್ತೆ. ಆದ್ರೆ ತಾಯಂದಿರು ಒಪ್ಪಬೇಕು. ಅವರು ಬೇಡ ಅಂದ್ರೆ ನಾನು ಮಗುವಿನ ಬೆರಳು ಮುಟ್ಟೋ ಹಾಗಿಲ್ಲ."

ಆ ದಿನಗಳು ಮನೆಯಲ್ಲಿ ಹೇಗೆ ಕಳೆದವೆಂದು ಕೇಳಬೇಡಿ. ಮೊಮ್ಮಗಳಿಗೆ ಕುಡಿಸುವ ಬಟ್ಟಲನ್ನು ಸೊಸೆ ತನ್ನ ಕೈಯಿಂದ ಕಿತ್ತುಕೊಂಡಳೆಂದು ಜಮಾಲ್‌ಕಾನ್ ಮುಖ ಊದಿಸಿಕೊಂಡಳು. ಬೂರುಲ್ ಕಾರಣ ಹೇಳಿದಳು. ಮುದುಕಿ ಕೇಳಿದಳು, ಆದರೆ ಒಪ್ಪಲಿಲ್ಲ. ಐಚುರೆಕ್ ಮೂರನೆಯ ದಿನಕ್ಕೇ ಮತ್ತೆ ಬಾಡಿದಳು. ಬೂರುಲ್ ಅದನ್ನು ನೋಡುತ್ತಾ ಕೂತಳು. ಮಗಳು ಬಾಡಲೆಂದು ಕಾಯುವುದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿರಲಾರದು.

ವಾರ ಕಳೆದು ಡಾಕ್ಟರು ಬಂದರು. ಐಚುರೆಕ್‌ಳ ಒಂದು ಹನಿ ರಕ್ತ ಬಿದ್ದಾಗ ಗುಲಾಬಿ ಬಣ್ಣ ಹೇಗಿತ್ತೋ ಹಾಗೇ ಉಳಿಯಿತು. ಯಂತ್ರ ಹೇಳಿದ ಸಂಖ್ಯೆಯನ್ನು ರೋಜಾ ಇಸಕೊವ್ನಾ ಜೋರಾಗಿ ಓದಲಿಲ್ಲ, ಬೂರುಲ್ ಕಡೆ ತಿರುಗಿಸಿ ತೋರಿಸಿದರು.

"ಇಷ್ಟು ಕಡಿಮೆ ನಾನು ಎಲ್ಲೂ ನೋಡಿಲ್ಲಮ್ಮಾ," ಎಂದರು. "ಹೋಗು, ಮನೆಮನೆಗೂ ಹೋಗಿ ಒಪ್ಪಿಸು. ನಾನು ಸಂಜೆವರೆಗೂ ಇಲ್ಲೇ ಇರ್ತೀನಿ."

ಬೂರುಲ್ ಮೊದಲು ಹೋದದ್ದು ಸೋನುನ್ ಮನೆಗೆ. ಬಾಯಿಬಡುಕಿ ಒಪ್ಪಿದರೆ ಉಳಿದವರನ್ನು ಅವಳೇ ಒಪ್ಪಿಸುತ್ತಾಳೆ ಎಂಬುದು ಲೆಕ್ಕ. ಈಗ ಮುಚ್ಚಿಡುವುದಕ್ಕೇನೂ ಉಳಿದಿರಲಿಲ್ಲ. ಡಾಕ್ಟರು ಹೇಳಿದ್ದು, ತಾನು ಮಾತು ಕೊಟ್ಟದ್ದು, ಬಯಲಿನ ಜಾಗ, ಮಗಳ ಅಳತೆ ಎಲ್ಲವನ್ನೂ ಹೇಳಿದಳು.

ಸೋನುನ್ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಲಿಲ್ಲ. "ಈಗ ಹೇಳ್ತಿದ್ದೀಯಲ್ಲ, ಮೊದಲೇ ಯಾಕೆ ಹೇಳ್ಲಿಲ್ಲ?"

"ಮಾತು ಕೊಟ್ಟಿದ್ದೆ ಅಕ್ಕಾ."

"ರಾಜಧಾನಿಯೋಳಿಗೆ ಕೊಟ್ಟ ಮಾತು ಜಾಸ್ತಿ ಆಯ್ತು, ಒಂದೇ ನಲ್ಲೀಲಿ ನೀರು ಹಿಡಿಯೋ ನಾವು ಕಡಿಮೆಯಾದ್ವಿ."

"ತಪ್ಪಾಯ್ತು. ಈಗ ಒಂದು ಸಲ ಹ್ಞೂಂ ಅನ್ನು. ಮಿರ್ಲಾನ್‌ದೂ ಕಡಿಮೆ ಇರುತ್ತೆ ಅಕ್ಕಾ. ಅವನ ವಸಡು ನೀನೇ ನೋಡ್ತೀಯಲ್ಲ."

ಆಗ ಸೋನುನ್ ತಲೆ ಎತ್ತಿದಳು. "ನಿನ್ನ ಮಗಳದ್ದು ಕಡಿಮೆ ಬಂತು ಅಂತ ನನ್ನ ಮಗನದ್ದೂ ಕಡಿಮೆ ಇರ್ಬೇಕಾ? ಊರು ಎತ್ತುತೀವಿ ಅಂತ ನಾನು ಮದುವೆಯಾಗಿ ಬಂದಾಗಿಂದ ಕೇಳ್ತಾನೇ ಇದ್ದೀನಿ. ಯಾವನೂ ಒಂದು ಇಟ್ಟಿಗೆ ಎತ್ತಲಿಲ್ಲ. ನನ್ನ ಮಗ ಹುಟ್ಟಿದಾಗಿಂದ ಅವನಲ್ಲಿ ಅದು ಕಡಿಮೆ, ಇದು ಕಡಿಮೆ ಅಂತಾನೇ ಎಲ್ರೂ ಹೇಳಿದ್ದು. ಅವನ ಮೈಯಲ್ಲಿ ಒಂದಾದ್ರೂ ಗಟ್ಟಿ ಇದೆ ಅಂತ ಓದಿದೋರೊಬ್ರು ಇದೇ ಮೊದಲು ಹೇಳಿದ್ರು. ಅದನ್ನೂ ಕಿತ್ಕೊಳ್ಳೋಕೆ ಬಂದೆಯಾ?"

ಬೂರುಲ್ ಅಲ್ಲಿಂದ ಹೊರಟು ಮುಂದಿನ ಮನೆಯ ಬಾಗಿಲು ತಟ್ಟಿದಳು.

ಉಳಿದ ಮನೆಗಳಲ್ಲೂ ಅದೇ ಕತೆ. ಕೆಲವರು ಚಹಾ ಕೊಟ್ಟು ಮಾತು ತಿರುಗಿಸಿದರು. ಒಬ್ಬಳು ಬಾಗಿಲಲ್ಲೇ ನಿಲ್ಲಿಸಿ, ಹೊಟ್ಟೆಕಿಚ್ಚು ಒಳ್ಳೇದಲ್ಲ ಬೂರುಲ್ ಎಂದಳು. ಒಂದಿಬ್ಬರು ಮನಸ್ಸಿನಲ್ಲಿ ಒಪ್ಪಿದರು, ಆದರೆ ನಾಲ್ಕು ಜನ ಬೇಡವೆಂದ ಮೇಲೆ ತಾವು ಮಾತ್ರ ಮುಂದೆ ಬಂದು ತಮ್ಮ ಮಗು ರೋಗಿ ಎನ್ನಿಸಿಕೊಳ್ಳಲು ಅವರಿಗೆ ಧೈರ್ಯವಿರಲಿಲ್ಲ. ಸುತ್ತಿ ಸುತ್ತಿ ಮನೆಗೆ ಬಂದರೆ ಬಾಗಿಲಲ್ಲಿ ಜಮಾಲ್‌ಕಾನ್ ನಿಂತಿದ್ದಳು. ಸುದ್ದಿ ಸೊಸೆಗಿಂತ ಮೊದಲೇ ಬಂದಿತ್ತು.

"ಮೊಮ್ಮಗಳ ರಕ್ತ ಕೆಟ್ಟಿದೆ ಅಂತ ಊರೆಲ್ಲ ಸಾರ್ಕೊಂಡು ಬಂದ್ಯಾ? ನಾಳೆ ಅವಳನ್ನ ಯಾರು ಮಾಡ್ಕೋತಾರೆ?"

"ಅಪಾ, ಮದುವೆ ವಯಸ್ಸಿಗೆ ಬರೋವರೆಗೂ ಅವಳು ಇರ್ಬೇಕಲ್ವಾ?"

ಮುದುಕಿ ತನ್ನ ತರಚಿದ ಕೈ ನೋಡಿಕೊಂಡಳು. "ನಾನು ತಾನೆ ಕುಡಿಸಿದ್ದು?" ಎಂದು ಕೇಳಿದಳು. "ಎಲ್ರಿಗೂ ಹೇಳಿ ಹೊಳೆ ದಾಟಿಸಿದ್ದು ನಾನೇ ಅಲ್ವಾ?"

ಬೂರುಲ್ ಅಲ್ಲ ಎನ್ನಬಹುದಿತ್ತು. ಆಯಾಸವಾಗಿತ್ತು, ಸುಮ್ಮನೆ ಒಳಗೆ ಹೋದಳು. ಆ ಮೌನಕ್ಕಾಗಿ ನಾನು ಅವಳನ್ನು ದೂರುವುದಿಲ್ಲ. ಸಂಜೆ ಡಾಕ್ಟರ ಜೀಪು ಹೊರಟಿತು. ತಾಶ್-ಕೆಚೂ ಮಕ್ಕಳಿಗೆ ಗುಡ್ಡದಿಂದ ಯಾವ ತೊಂದರೆಯೂ ಕಂಡುಬಂದಿಲ್ಲ ಎಂದು ವರದಿ ಹೋಯಿತು. ಮಾಸಿದ ಬಣ್ಣಗಳು ಅಷ್ಟೊಂದಿರುವಾಗ ಉಳಿದ ಒಂದು ಬಣ್ಣವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಶುಕ್ರವಾರ ಊರಿನವರು ಹೊಳೆಯ ದಂಡೆಯಲ್ಲಿ ದೇವರಿಗೆ ಹರಕೆ ಒಪ್ಪಿಸಿದರು. ಮಕ್ಕಳ ರಕ್ತ ಗಟ್ಟಿ ಬಂದದ್ದಕ್ಕೆ ಎಲ್ಲರೂ ಸೇರಿ ಒಂದು ಕೊಬ್ಬಿದ ಕುರಿ ಕಡಿದರು, ದೊಡ್ಡ ಕಡಾಯಿ ಇಟ್ಟು ಬೇಯಿಸಿದರು, ಅಂಗೈ ಎತ್ತಿ ಬೇಡಿಕೊಂಡರು. ಬೂರುಲ್ ಹೋಗಲಿಲ್ಲ. ಜಮಾಲ್‌ಕಾನ್ ಕೂಡ ಹೋಗಲಿಲ್ಲ, ಅವಳು ಆ ದಿನದಿಂದ ಹಾಸಿಗೆ ಬಿಟ್ಟು ಏಳುವುದನ್ನೇ ಕಡಿಮೆ ಮಾಡಿದ್ದಳು.

ಮಧ್ಯಾಹ್ನ ಸೋನುನ್ ಬಾಗಿಲು ತಟ್ಟಿದಳು. ಒಂದು ಕೈಯಲ್ಲಿ ಮಗ ಮಿರ್ಲಾನ್, ಇನ್ನೊಂದು ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಹಿಂದೆ ಇನ್ನೂ ಮೂರು ನಾಲ್ಕು ಹೆಂಗಸರು, ಅವರ ಮಕ್ಕಳು. ಸೋನುನ್‌ಳ ಮುಖದಲ್ಲಿ ಸಿಟ್ಟಿರಲಿಲ್ಲ. ನಾಚಿಕೆಯಂಥದ್ದೇನೋ ಇತ್ತು.

"ಆವತ್ತು ಬಾಯಿಗೆ ಬಂದ್ಹಾಗೆ ಅಂದ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ," ಎಂದಳು. "ಹರಕೆ ಕುರೀದು ಈಲಿ ಒಂದೇ ಅಲ್ವಾ ಇರೋದು, ಎಲ್ರಿಗೂ ಹಂಚಿದ್ರೆ ನಾಲಿಗೆಗೂ ಸಾಲಲ್ಲ. ನಾವೆಲ್ಲ ಮಾತಾಡ್ಕೊಂಡು ಐಚುರೆಕ್‌ಗೇ ಇಟ್ವಿ. ನಮ್ಮ ಮಕ್ಕಳಿಗೆ ದೇವರು ಕೊಟ್ಟಿದ್ದಾನೆ. ನಿನ್ನ ಮಗು ಒಂದೇ ಪಾಪ ಹಿಂದೆ ಬಿದ್ದಿರೋದು. ತಿನ್ನಿಸು, ರಕ್ತ ಊರುತ್ತೆ."

ಕುರಿ ಮೇಯ್ದದ್ದು ಹೊಸಗುಡ್ಡದ ಹುಲ್ಲನ್ನು. ಆ ಊರಿನ ಕುರಿಗಳಿಗೆ ಬೇರೆ ಮೇವು ಎಲ್ಲಿದೆ? ಮೇವಿನ ವಿಷವೆಲ್ಲ ಮೊದಲು ಹೋಗಿ ನಿಲ್ಲುವುದು ಯಕೃತ್ತಿನಲ್ಲಿ, ಅಂದರೆ ಆ ಈಲಿಯಲ್ಲಿ ಎಂಬುದು ನರ್ಸ್‌ಗೆ ಗೊತ್ತು. ಆದರೆ ಹರಕೆಯ ಪಾಲನ್ನು ಬೇಡವೆನ್ನುವುದು ಆ ಊರಿನಲ್ಲಿ ಯಾರೂ ಕ್ಷಮಿಸದ ತಪ್ಪು. ಕೊಟ್ಟವರ ಎದುರಿಗೇ ಒಂದು ತುತ್ತು ತಿನ್ನಬೇಕು, ಅದು ಪದ್ಧತಿ. ಹೆಂಗಸರು ಹೊಸ್ತಿಲ ಹೊರಗೆ ನಿಂತು ಕಾಯುತ್ತಿದ್ದರು. ತಮ್ಮ ಮಕ್ಕಳ ಬಾಯಿಂದ ತಪ್ಪಿಸಿ ತಂದದ್ದು ಅದು. ಅವರ ಪ್ರೀತಿಯಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ.

ತಾಯಿಯ ಪಕ್ಕದಲ್ಲಿ ನಿಂತಿದ್ದ ಮಿರ್ಲಾನ್ ತಟ್ಟೆಯನ್ನೇ ನೋಡುತ್ತಿದ್ದ. ಅವನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕಾಡುಗುಲಾಬಿ ಕಷಾಯವನ್ನು ಈಗ ಯಾರೂ ಕುಡಿಸುತ್ತಿರಲಿಲ್ಲ, ರಕ್ತ ಗಟ್ಟಿ ಇರುವ ಮಕ್ಕಳಿಗೆ ಅದರ ಅಗತ್ಯ ಏನಿದೆ?

"ಅಮ್ಮಾ, ಯಾರು ಬಂದಿದ್ದು?" ಎಂದು ಐಚುರೆಕ್ ಒಳಗಿನಿಂದ ಬಂದಳು. ತಟ್ಟೆ ನೋಡಿ ಅವಳ ಕಣ್ಣು ಅರಳಿತು. ಅವಳಿಗೆ ಹಸಿವಾಗಿತ್ತು.

ಬೂರುಲ್ ಒಂದು ಚೂರು ಮುರಿದಳು. "ದೇವರು ನಿಮ್ಮ ಮಕ್ಕಳನ್ನ ಚೆನ್ನಾಗಿಟ್ಟಿರಲಿ ಸೋನುನ್ ಅಕ್ಕಾ," ಎಂದು ಹೇಳಿ ಮಗಳ ಬಾಯಿಗೆ ಇಟ್ಟಳು. ಹೆಂಗಸರೆಲ್ಲ ಅಂಗೈ ಎತ್ತಿ ಹರಸಿದರು.